ಬಾನೆಟ್ಟು ಎತ್ತಿದ ಸೋದರಮಾವ

ಉಡುಮಲೈಪೇಟೆಯಲ್ಲಿ ಬಸ್ಸು ಹತ್ತುವಾಗಲೇ ಜಾನಮ್ಮ ಗಂಡನಿಗೆ ಎಚ್ಚರಿಕೆ ಹೇಳಿದ್ದಳು.

"ಏನುಂಗ, ಅಲ್ಲಿ ಯಾರ ಗಾಡಿ ನಿಂತ್ರೂ ಸರಿ, ನೀವು ಬಾನೆಟ್ ಎತ್ತಬಾರದು. ಇವತ್ತು ನೀವು ಮೆಕ್ಯಾನಿಕ್ ಅಲ್ಲ. ಹುಡುಗಿ ಮಾಮ."

"ನನಗೆ ಗೊತ್ತಿಲ್ವಾ?"

"ನಿಮಗೆ ಗೊತ್ತು. ನಿಮ್ ಕೈಗೆ ಗೊತ್ತಿಲ್ಲ."

ವೆಲ್ಲಿಂಗಿರಿ ನಕ್ಕು ಕೈಗಳನ್ನು ನೋಡಿಕೊಂಡ. ಸೀಮೆಎಣ್ಣೆ, ಸೀಗೆಪುಡಿ, ತೆಂಗಿನ ನಾರು ಎಲ್ಲ ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಹೋಗದಿದ್ದರೆ ಬೇಡ. ಆ ಕೈಯಿಂದಲೇ ಇವತ್ತು ಪಟ್ಟ ಕಟ್ಟಬೇಕು.

ತಾಳಿ ಕಟ್ಟುವುದಕ್ಕೆ ಮುಂಚೆ ಹುಡುಗಿಯ ಸೋದರಮಾವ ತನ್ನ ಮನೆಯಿಂದ ತಂದ ಚಿನ್ನದ ತಗಡಿನ ಪಟ್ಟವನ್ನು ಅವಳ ಹಣೆಗೆ ಕಟ್ಟಿ, ಕೈಹಿಡಿದು ಮಣೆಗೆ ಕರೆತರಬೇಕು. ಅವರ ನೇಕಾರ ಮನೆತನಗಳಲ್ಲಿ ಅದು ಎಂದಿನಿಂದಲೂ ನಡೆದುಬಂದದ್ದು. ಕನ್ನಡವನ್ನು ಮನೆಯೊಳಗೆ ಮಾತ್ರ ಆಡಿಕೊಂಡು, ಬೀದಿಯಲ್ಲೆಲ್ಲ ತಮಿಳಾಗಿಹೋದ ಮೇಲೂ ಇದೊಂದು ತಪ್ಪಿರಲಿಲ್ಲ. ಅಪ್ಪ ಕಟ್ಟುವಂತಿಲ್ಲ, ಚಿಕ್ಕಪ್ಪ ಕಟ್ಟುವಂತಿಲ್ಲ. ತಾಯಿಯ ಒಡಹುಟ್ಟಿದವನೇ ಕಟ್ಟಬೇಕು. ಅವನು ಸತ್ತಿದ್ದರೆ, ಇಲ್ಲವೇ ತಾನಾಗಿ ಒಲ್ಲೆನೆಂದರೆ ಮಾತ್ರ ದಾಯಾದಿಗಳಲ್ಲಿ ಒಬ್ಬ.

ವೆಲ್ಲಿಂಗಿರಿಗೆ ಒಡಹುಟ್ಟಿದವಳೆಂದರೆ ಪಾಪಾತಿ ಒಬ್ಬಳೇ. ಅಪ್ಪ ಮಗ್ಗದ ಗುಂಡಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತಾಗ ಅವಳು ಲಂಗದ ಲಾಡಿ ಬಿಗಿಯಲೂ ಬಾರದ ಮಗು. ಮಗ್ಗದ ಕೂಲಿ ಮನೆಗೆ ಸಾಲದೆಂದು ಅವನು ಲಾರಿ ಶೆಡ್ಡಿಗೆ ಸೇರಿದ. ಅಲ್ಲೇ ಬೆಳೆದ, ಅಲ್ಲಿಂದಲೇ ತಂಗಿಯನ್ನು ಬೆಳೆಸಿದ, ಸೋಮಸುಂದರಂಗೆ ಕೊಟ್ಟು ಮದುವೆ ಮಾಡಿದ. ಆಗ ಸೋಮಸುಂದರಂ ತಿರುಪ್ಪೂರಿನ ಯಾರದೋ ಬನಿಯನ್ ಕಂಪನಿಯಲ್ಲಿ ಹೆಣಿಗೆ ಯಂತ್ರ ಓಡಿಸುತ್ತಿದ್ದ ಹುಡುಗ. ಈಗ ಅವನದೇ ಕಂಪನಿ. ಮಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಕೆಳಗೆ ಯಂತ್ರ, ಮೇಲೆ ಮನೆ, ಅಂಗಳದಲ್ಲಿ ಬಿಳಿ ಕಾರು. ವೆಲ್ಲಿಂಗಿರಿ ಮಾತ್ರ ಉಡುಮಲೈ ಬಸ್ ಸ್ಟ್ಯಾಂಡಿನ ಹಿಂದಿನ ತಗಡಿನ ಶೆಡ್ಡಿನಲ್ಲೇ ಉಳಿದ. ಅದರ ಬಗ್ಗೆ ಅವನಿಗೆ ಕೊರಗಿರಲಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಗೆ ತಂಗಿಯ ಮನೆಗೆ ಹೋದರೆ ಅವಳ ಮಗಳು, ಇವತ್ತಿನ ಮದುವಣಗಿತ್ತಿ ವಿಜಯಕುಮಾರಿ ಓಡಿಬಂದು, "ಮಾಮ, ಪೆಟ್ರೋಲ್ ವಾಸನೆ!" ಎಂದು ಮೂಗು ಮುಚ್ಚಿಕೊಂಡೇ ತೋಳಿಗೆ ಜೋತುಬೀಳುತ್ತಿದ್ದಳು. ಅಷ್ಟು ಸಾಕಾಗಿತ್ತು.

ಅವರು ತಿರುಪ್ಪೂರಿಗೆ ಹೋಗಿ ಇಳಿದಾಗ ಪಾಪಾತಿಯ ಮನೆಯ ಅಂಗಳದ ತುಂಬ ಜನ. ಯಂತ್ರಗಳೆಲ್ಲ ನಿಂತಿದ್ದರಿಂದ ಆ ಮನೆ ಯಾವುದೋ ಬೇರೆ ಮನೆಯಂತೆ ಕಾಣುತ್ತಿತ್ತು. ಜಾನಮ್ಮ ಸೀರಿನ ತಟ್ಟೆಗಳನ್ನು, ಅಂದರೆ ತವರಿನಿಂದ ತಂದ ಸೀರೆ, ಹಣ್ಣು, ಬೆಲ್ಲ, ಪಟ್ಟದ ಡಬ್ಬಿಯನ್ನು ಜೋಡಿಸಲು ಒಳಗೆ ಹೋದಳು. ವೆಲ್ಲಿಂಗಿರಿ ಗೇಟಿನ ಹತ್ತಿರ ನಿಂತ. ಹೂವು ಸುತ್ತಿದ ಕಾರಿನೊಳಗೆ ಡ್ರೈವರ್ ಆರುಮುಗಂ ಬೆವರುತ್ತಿದ್ದ. ಎಂಜಿನ್ ಕಿರುಚುತ್ತಿತ್ತು, ಕಾರು ಮಾತ್ರ ಕದಲುತ್ತಿರಲಿಲ್ಲ. ಒಂದು ಗೇಣು ಮುಂದೆ ಹೋಗಿ, ನಿಶ್ಶಕ್ತ ಎತ್ತಿನಂತೆ ನಿಂತುಬಿಡುತ್ತಿತ್ತು.

"ಪ್ಲೇಟು ಪೋಚ್ಚುಂಗಣ್ಣಾ," ಎಂದು ಆರುಮುಗಂ ತಲೆ ಹೊರಗೆ ಹಾಕಿ ಘೋಷಿಸಿದ. ಕ್ಲಚ್ ಪ್ಲೇಟು ಸವೆದುಹೋಯಿತು, ಇನ್ನು ಎಂಜಿನ್ನೇ ಇಳಿಸಬೇಕು ಎಂದು ಅವನ ತೀರ್ಮಾನ.

"ಯಾವಾಗಿಂದ?"

"ಬೆಳಿಗ್ಗೆ ಹೂವಿನ ಮಾರ್ಕೆಟ್ಟಿಗೆ ಹೋಗುವಾಗ ಚೆನ್ನಾಗೇ ಓಡಿತು. ಬರುವಾಗ ಕೊನೆಯ ಏರಲ್ಲಿ ಎಳೆಯಲಿಲ್ಲ. ನಿನ್ನೆನೂ ಹೀಗೇ. ಬೆಳಿಗ್ಗೆ ಸರಿ, ಬಿಸಿಯಾದ ಮೇಲೆ ಜಾರುತ್ತೆ."

ತಣ್ಣಗಿರುವಾಗ ಹಿಡಿದು ಬಿಸಿಯಾದ ಮೇಲೆ ಜಾರುವುದು ಸವೆದ ಪ್ಲೇಟಿನ ಲಕ್ಷಣವಲ್ಲ. ಸವೆದದ್ದು ಬೆಳಿಗ್ಗೆಯೂ ಸವೆದೇ ಇರುತ್ತದೆ. ವೆಲ್ಲಿಂಗಿರಿಯ ತಲೆಯಲ್ಲಿ ಏನೋ ಒಂದು ಕಿವಿ ನಿಮಿರಿಸಿ ಎದ್ದು ಕುಳಿತಿತು.

ಅಷ್ಟರಲ್ಲಿ ಸೋಮಸುಂದರಂ ಮೆಟ್ಟಿಲಿಳಿದು ಬಂದ. ರೇಷ್ಮೆ ಪಂಚೆ, ರೇಷ್ಮೆ ಅಂಗಿ, ಕೈಯಲ್ಲಿ ಹೊಳೆಯುವ ವಾಚು. ಕಾರನ್ನೊಮ್ಮೆ, ಭಾವನನ್ನೊಮ್ಮೆ ನೋಡಿದ. "ಭಾವ, ಒಳ್ಳೇ ಹೊತ್ತಿಗೆ ಬಂದಿರಿ. ಒಂಚೂರು ನೋಡ್ತೀರಾ? ವಿಜಿ ನಮ್ ಕಾರಲ್ಲೇ ಮಂಟಪಕ್ಕೆ ಹೋಗಬೇಕು ಅಂತ ಆಸೆಪಟ್ಟಿದ್ದಾಳೆ."

"ಹೊತ್ತಾಯ್ತಲ್ಲ, ಮಾಪ್ಳೆ," ಎಂದ ವೆಲ್ಲಿಂಗಿರಿ ತಂಗಿಯ ಗಂಡನಿಗೆ.

"ಹೊತ್ತೆಲ್ಲ ಇದೆ. ನಿಮ್ ಕೈ ಬಿದ್ರೆ ಸಾಕು, ಎಷ್ಟು ಹೊತ್ತು ಹಿಡಿಯುತ್ತೆ?"

ಹಾಗೆ ಹೊಗಳಿದರೆ ವೆಲ್ಲಿಂಗಿರಿ ಕರಗದೆ ಇರುತ್ತಾನೆಯೇ? ಅಂಗಿ ಬಿಚ್ಚಿ ಗೇಟಿಗೆ ನೇತುಹಾಕಿದ. ಪಂಚೆಯನ್ನು ಮಡಚಿ ಸೊಂಟಕ್ಕೆ ಬಿಗಿದ. ಮೊದಲು ಕ್ಲಚ್ ಪೆಡಲನ್ನು ಕೈಯಿಂದಲೇ ಒತ್ತಿ ನೋಡಿದ. ಪೆಡಲಿನ ಮೇಲ್ಭಾಗದಲ್ಲಿ ಕಾಲಿಟ್ಟರೆ ಸ್ವಲ್ಪ ದೂರ ಸುಮ್ಮನೆ ಆಡಬೇಕು, ಆಮೇಲೆ ಬಿಗಿ ಸಿಗಬೇಕು. ಇಲ್ಲಿ ಆಟವೇ ಇರಲಿಲ್ಲ. ಪೆಡಲು ಪೂರ್ತಿ ಮೇಲೆ ಬರದೆ ಕಲ್ಲಿನಂತೆ ನಿಂತಿತ್ತು. ಯಾರೂ ತುಳಿಯದಿದ್ದರೂ ಒಳಗೆ ಯಾರೋ ತುಳಿದುಕೊಂಡೇ ಕುಳಿತ ಹಾಗೆ.

"ಪ್ಲೇಟಲ್ಲಪ್ಪ ಇದು," ಎಂದ ಆರುಮುಗಂಗೆ. "ಒತ್ತಡ ವಾಪಸ್ ಹೋಗ್ತಿಲ್ಲ. ಎಣ್ಣೆ ಒಳಗೇ ಸಿಕ್ಕಿಹಾಕಿಕೊಂಡಿದೆ. ಬಿಸಿಯಾದ್ರೆ ಹಿಗ್ಗುತ್ತೆ, ಕ್ಲಚ್ಚನ್ನ ಅದೇ ಅರ್ಧ ತುಳಿದಂಗೆ ಹಿಡಿದುಕೊಳ್ಳುತ್ತೆ. ಸ್ಪ್ಯಾನರ್ ತಾ."

"ಹಾಗಾದ್ರೆ ನೀವು ನೋಡ್ತಾ ಇರಿ ಭಾವ," ಎಂದ ಸೋಮಸುಂದರಂ. "ನಾವು ಹುಡುಗೀನ ಬೀದಿ ಮೂಲೆ ಪಿಳ್ಳೆಯಾರ್ ಗುಡಿಗೆ ಕರ್ಕೊಂಡು ಹೋಗಿ ಒಂದ್ ಕಾಯಿ ಹೊಡ್ಕೊಂಡು ಬರ್ತೀವಿ. ಬರೋಷ್ಟರಲ್ಲಿ ಗಾಡಿ ರೆಡಿ ಇರಲಿ."

ಕಂಪನಿಯ ಮೂಲೆಯಿಂದ ಬನಿಯನ್ ವೇಸ್ಟಿನ ಚಿಂದಿ ಗಂಟು ತಂದು ಹಾಸಿ ವೆಲ್ಲಿಂಗಿರಿ ಕಾರಿನ ಕೆಳಗೆ ತೂರಿದ. ಅಲ್ಲಿಂದ ಮುಂದೆ ಅವನು ಬೇರೆ ಲೋಕದವನು. ಮೇಲೆ ಮದುವೆ ಮನೆಯ ಗದ್ದಲ, ಕೆಳಗೆ ಅವನೂ ಗ್ರೀಸಿನ ವಾಸನೆಯೂ. ಗೇರ್‌ಬಾಕ್ಸಿನ ಪಕ್ಕದ ಚಿಕ್ಕ ಸಿಲಿಂಡರನ್ನು ಬೆರಳಿನಿಂದ ತಡವಿ ಹುಡುಕಿದ. ಎಣ್ಣೆ ಹೊರಬಿಡುವ, ಮಣ್ಣು ಮೆತ್ತಿ ಹೋಗಿದ್ದ ಅದರ ನಿಪ್ಪಲಿಗೆ ಸ್ಪ್ಯಾನರ್ ಕೂರುತ್ತಿರಲಿಲ್ಲ. ಉಗುರಿನಿಂದ ಕೆರೆದು, ಊದಿ, ಮತ್ತೆ ಕೂರಿಸಿದ.

ಅಷ್ಟರಲ್ಲಿ ಮೇಳದವರು ಊದತೊಡಗಿದರು. ಕಾರಿನ ಕೆಳಗಿನ ಒಂದು ಮೊಳದ ಬೆಳಕಿನಲ್ಲಿ ಕಾಲುಗಳು ಸಾಲುಸಾಲಾಗಿ ಹಾದುಹೋದವು. ಅವುಗಳ ನಡುವೆ ಮದರಂಗಿ ಹಚ್ಚಿದ ಎರಡು ಪಾದ, ಮೇಲೆ ಕೆಂಪು ಸೀರೆಯ ಅಂಚು. ವಿಜಯಕುಮಾರಿ. ಚಿಕ್ಕವಳಿದ್ದಾಗ ನಡೆಯುತ್ತಿದ್ದ ಹಾಗೆಯೇ, ಒಂದು ಪಾದ ಸ್ವಲ್ಪ ಒಳಕ್ಕೆ ತಿರುಗಿಸಿಕೊಂಡು. ವೆಲ್ಲಿಂಗಿರಿಗೆ ನಗು ಬಂತು. ಹಿಂದೆಯೇ ಇನ್ನೆರಡು ಪಾದ ಬಂದು, ಕಾರಿನ ಪಕ್ಕದಲ್ಲಿ ನಿಂತವು. ಬಲಗಾಲಿನ ಕಾಲುಂಗುರ ಅವನೇ ಕೊಡಿಸಿದ್ದು. ಪಾಪಾತಿ ಏನೋ ಹೇಳುತ್ತಾಳೆಂದುಕೊಂಡು ಅವನು ಕೈ ನಿಲ್ಲಿಸಿದ. ಅವಳು ಹೇಳಲಿಲ್ಲ. ಒಂದಿಷ್ಟು ಹೊತ್ತು ನಿಂತಳು. "ಬಾಮ್ಮಾ, ಬಾ," ಎಂದು ಸೋಮಸುಂದರಂ ಕರೆದ. ಪಾದಗಳು ಹೋದವು. ಯಾವುದೋ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

ಗುಡಿಗೆ ಕಾರೇಕೆ ಎಂದು ಅವನಿಗೆ ಹೊಳೆಯಬೇಕಿತ್ತು. ಆದರೆ ಅದೇ ಕ್ಷಣಕ್ಕೆ ನಿಪ್ಪಲು ಸಡಿಲವಾಯಿತು. ಯಾರೂ ಪೆಡಲು ತುಳಿಯದೆಯೇ ಎಣ್ಣೆ ಚಿಲ್ಲೆಂದು ಚಿಮ್ಮಿ ಅವನ ಎದೆ, ಗದ್ದ, ಪಂಚೆ ಎಲ್ಲವನ್ನೂ ತೋಯಿಸಿತು. ಅಂದುಕೊಂಡದ್ದೇ ಸರಿ! ನಿಪ್ಪಲು ಬಿಗಿದು, ಹೊರಗೆ ಬಂದು ಕೂಗಿದ: "ಆರುಮುಗಂ, ಕ್ಲಚ್ ಮುಟ್ಟಬೇಡ. ಗೇರಲ್ಲಿಟ್ಟೇ ಸ್ಟಾರ್ಟ್ ಮಾಡು."

ಕಾರು ಕರು ನೆಗೆದ ಹಾಗೆ ನೆಗೆದು ಗೇಟಿನವರೆಗೆ ಹೋಯಿತು. ಬ್ರೇಕು ಬಿಗಿದಾಗ ಎಂಜಿನ್ ಕೆಮ್ಮಿ ನಿಂತಿತು. ಪ್ಲೇಟು ಹೊಸದರ ಹಾಗೆ ಹಿಡಿದಿತ್ತು.

ಸಾಕಿತ್ತು ಅಷ್ಟಕ್ಕೆ. ಆದರೆ ರೋಗ ಗೊತ್ತಾದ ಮೇಲೆ ಅದು ಎಲ್ಲಿಂದ ಬಂತೆಂದು ತಿಳಿಯದೆ ವೆಲ್ಲಿಂಗಿರಿ ಯಾವ ಗಾಡಿಯನ್ನೂ ಬಿಟ್ಟವನಲ್ಲ. ಬಾನೆಟ್ ಎತ್ತಿ, ಕ್ಲಚ್ಚಿನ ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿ, ಒಳಗಿನದನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ. ಅಲ್ಲಿರಬೇಕಾದ ಬ್ರೇಕ್ ಆಯಿಲಿನ ವಾಸನೆ ಅಲ್ಲ. ನೀರಿನಷ್ಟು ತಿಳಿ, ಜಿಡ್ಡು ಜಾಸ್ತಿ. "ಜಾನು, ಒಂದ್ ಲೋಟ ನೀರು ತಾ!" ಎಂದು ಒಳಕ್ಕೆ ಕೂಗಿದ.

ಜಾನಮ್ಮ ನೀರು ತಂದಳು. ಅವನು ಎರಡು ಹನಿ ಬಿಟ್ಟ. ಹನಿಗಳು ನೀರಿನ ಮೇಲೆ ಗುಂಡಗೆ ತೇಲಿದವು.

"ನೋಡ್ದೆಯಾ! ಬ್ರೇಕ್ ಆಯಿಲ್ ಆಗಿದ್ರೆ ನೀರಲ್ಲಿ ಕರಗ್ತಿತ್ತು. ಇದು ಮೆಷಿನ್ ಎಣ್ಣೆ. ಇದನ್ನ ಹಾಕಿದ್ರೆ ಒಳಗಿನ ರಬ್ಬರ್ ಊದಿಕೊಳ್ಳುತ್ತೆ, ವಾಪಸ್ ಬರೋ ದಾರಿ ಮುಚ್ಚುತ್ತೆ. ಅದಕ್ಕೇ..."

"ಎಣ್ಣೆ ತೇಲ್ತು," ಎಂದಳು ಜಾನಮ್ಮ. "ಅವರೂ ಹೋದ್ರು."

"ಪಿಳ್ಳೆಯಾರ್ ಗುಡಿಗೆ. ಬರ್ತಾರೆ."

"ಗುಡಿಗೆ ಹೋಗೋರು ಮಣೆ, ಹಾರ, ತಾಳಿ ತಟ್ಟೆ ಎಲ್ಲ ತಗೊಂಡು ಹೋಗ್ತಾರಾ? ನಾನು ಹಿಂದಿನ ಕೋಣೇಲಿ ತಟ್ಟೆ ಜೋಡಿಸಿ ಬರೋಷ್ಟರಲ್ಲಿ ಮನೇಲಿ ಅಡುಗೆ ಹೆಂಗಸು ಬಿಟ್ರೆ ಯಾರೂ ಇಲ್ಲ. ಕಂದಸಾಮಿ ಕಾರಲ್ಲಿ ಹುಡುಗೀನ ಕೂರಿಸಿಕೊಂಡು ಮಂಟಪಕ್ಕೆ ಹೋದ್ರು. ಅವಳೇ ಹೇಳಿದ್ಲು."

ಕಂದಸಾಮಿ ವೆಲ್ಲಿಂಗಿರಿಯ ದೊಡ್ಡಪ್ಪನ ಮಗ. ನೂಲಿನ ಮಿಲ್ಲು ಇಟ್ಟವನು. ಸೋಮಸುಂದರಂನ ಯಂತ್ರಗಳಿಗೆ ನೂಲು ಬರುತ್ತಿದ್ದದ್ದು ಅಲ್ಲಿಂದಲೇ. ಲೆಕ್ಕಕ್ಕೆ ಅವನೂ ಹುಡುಗಿಗೆ ಮಾಮನೇ.

ವೆಲ್ಲಿಂಗಿರಿ ಲೋಟ ಹಿಡಿದು ನಿಂತೇ ಇದ್ದ. ಅಂಗಳದಲ್ಲಿ ತುಳಿದ ಹೂವು, ಒಡೆದ ತೆಂಗಿನಕಾಯಿಯ ನೀರು, ಎರಡು ನಾಯಿ. ಆಮೇಲೆ ಅವನು ಕೇಳಿದ್ದು ಹುಡುಗಿಯ ವಿಷಯವನ್ನಲ್ಲ. ಮನುಷ್ಯನ ಬಾಯಿ ಎಂಥದೋ. "ಈ ಎಣ್ಣೆ ಹಾಕಿದ್ದು ಯಾರು, ಆರುಮುಗಂ?"

"ಮೊದಲಾಳಿನೇ, ನಮ್ ಯಜಮಾನ್ರೇ ಹಾಕಿದ್ರು, ಅಣ್ಣಾ. ಡಬ್ಬಿ ಅರ್ಧ ಖಾಲಿ ಇತ್ತು. ಅಂಗಡಿ ಎಣ್ಣೆ ಕೊಳೆ ಬಣ್ಣದ್ದು, ಬೇಡ ಅಂದ್ರು. ಯಂತ್ರಕ್ಕೆ ಹಾಕೋ ಬಿಳಿ ಎಣ್ಣೇನೇ ಹಾಕಿದ್ರು."

ಹೆಣಿಗೆ ಸೂಜಿಗಳಿಗೆ ಹಾಕುವ ಆ ಬಿಳಿ ಎಣ್ಣೆಯೆಂದರೆ ತಿರುಪ್ಪೂರಿನವರಿಗೆ ತೀರ್ಥ. ಬೇರೆ ಎಣ್ಣೆಯಾದರೆ ಬಟ್ಟೆಯಲ್ಲಿ ಕಪ್ಪು ಗೆರೆ ಬಿದ್ದು ಇಡೀ ಮಾಲು ವಾಪಸಾಗುತ್ತದೆ; ಇದು ಬಿದ್ದರೂ ಒಗೆದರೆ ಹೋಗುತ್ತದೆ. ಅಷ್ಟು ಶುದ್ಧವಾದದ್ದು ಕಾರಿಗೆ ಕೆಟ್ಟದ್ದು ಹೇಗಾದೀತು ಎಂದು ಸೋಮಸುಂದರಂ ಅಂದುಕೊಂಡಿರಬೇಕು. ಬಟ್ಟೆಯ ಭಯದಲ್ಲೇ ಬದುಕಿದವನಿಗೆ ರಬ್ಬರಿನ ಯೋಚನೆ ಬರುವುದಿಲ್ಲ.

"ಯಾರ್ ಹಾಕಿದ್ರೆ ಏನು?" ಜಾನಮ್ಮನ ದನಿ ಸೀಳಿತು. "ನೀವು ಬಾನೆಟ್ ಎತ್ತಿದಿರಿ. ಅವರು ಹುಡುಗೀನ ಎತ್ತಿಕೊಂಡು ಹೋದ್ರು. ಹತ್ತಿ ಗಾಡೀನ. ಇನ್ನೂ ಕಟ್ಟಿರಲ್ಲ."

"ಇದರ ಕ್ಲಚ್ ತುಳಿದ್ರೆ ಮತ್ತೆ ಹಿಡ್ಕೊಳ್ಳುತ್ತೆ. ಕ್ಲಚ್ ಇಲ್ದೆ ಓಡಿಸಬೇಕು."

"ನನಗೆ ಬರಲ್ಲಣ್ಣಾ," ಎಂದು ಆರುಮುಗಂ ಕೀಲಿಕೈ ಅವನ ಕೈಗಿಟ್ಟು, ಸೀರಿನ ತಟ್ಟೆಗಳ ಜೊತೆ ಹಿಂದೆ ಹೋಗಿ ಕುಳಿತ.

ಅಂಗಿ ಹಾಕಿಕೊಂಡ ವೆಲ್ಲಿಂಗಿರಿ ಗೇರಿನಲ್ಲಿಟ್ಟೇ ಕೀಲಿ ತಿರುಗಿಸಿದ. ಕಾರು ಎರಡು ಸಲ ಮುಗ್ಗರಿಸಿ ಓಡತೊಡಗಿತು. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಕಾಲು ಸ್ವಲ್ಪ ಸಡಿಲಿಸಿ, ಸದ್ದು ಇಳಿದು ಸರಿಹೊಂದುವ ಆ ಒಂದು ಗಳಿಗೆಗೆ ಗೇರ್ ಕಡ್ಡಿಯನ್ನು ತಳ್ಳಿದರೆ ಬೆಣ್ಣೆಗೆ ಚಾಕು ಇಳಿದ ಹಾಗೆ ಕೂರುತ್ತದೆ. ಆ ಗಳಿಗೆ ತಪ್ಪಿದರೆ ಹಲ್ಲು ಕಡಿಯುತ್ತದೆ. ಬೇರೆ ದಿನವಾಗಿದ್ದರೆ ಅದೊಂದು ಆಟ. ಇವತ್ತು ಎದುರಿಗೆ ಬಂದ ಪ್ರತಿ ಸೈಕಲ್ಲೂ, ನೂಲಿನ ಮೂಟೆ ಹೇರಿದ ಪ್ರತಿ ಗಾಡಿಯೂ ಅವನ ಗಂಟಲು ಹಿಡಿಯಲೆಂದೇ ಬಂದ ಹಾಗಿತ್ತು. ನಿಲ್ಲಿಸುವಂತಿಲ್ಲ. ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ.

"ಮದುವೆ ಗಾಡಿ ಅಂತ ದಾರಿ ಬಿಡ್ತಿದ್ದಾರೆ," ಎಂದಳು ಜಾನಮ್ಮ. "ಒಳಗೆ ಯಾರಿದ್ದಾರೆ ಅಂತ ನೋಡಿದ್ರೆ ಬಿಡಲ್ಲ."

"ಸುಮ್ನಿರು."

"ಸುಮ್ನೇ ಇದ್ದೆ. ನಿಮ್ ತಂಗಿ ಮನೆ ಗೃಹಪ್ರವೇಶಕ್ಕೆ ನಮ್ಮನ್ನ ಕೊನೇ ಪಂಕ್ತೀಲಿ ಕೂರಿಸಿದಾಗ್ಲೂ ಸುಮ್ನೇ ಇದ್ದೆ."

ರೈಲ್ವೆ ಗೇಟು ಅವರ ಕಣ್ಣೆದುರೇ ಇಳಿಯಿತು. ವೆಲ್ಲಿಂಗಿರಿ ಗೇರ್ ತಪ್ಪಿಸಿ ಬ್ರೇಕ್ ಒತ್ತಿದ. ಗೂಡ್ಸ್ ರೈಲು ಮುಗಿಯುವ ಹಾಗೇ ಕಾಣಲಿಲ್ಲ. ಗೇಟು ಎದ್ದ ಮೇಲೆ ಎಂಜಿನ್ ಆರಿಸಿ, ಗೇರಲ್ಲಿಟ್ಟು, ಕೀಲಿ ತಿರುಗಿಸಿದ. ಬ್ಯಾಟರಿ ನರಳಿತು. ಕಾರು ಒಂದು ಮೊಳ ನೆಗೆದು ಕುಸಿಯಿತು. ಮತ್ತೆ ತಿರುಗಿಸಿದ, ಮತ್ತೆ ಕುಸಿಯಿತು. ಹಿಂದಿನಿಂದ ಬಸ್ಸು, ಲಾರಿ, ಸ್ಕೂಟರು ಎಲ್ಲ ಒಟ್ಟಿಗೆ ಅರಚಿಕೊಂಡವು.

"ಏನಪ್ಪಾ ಮಾಪಿಳ್ಳೆ, ಪೆಣ್ಣು ಬೇಡವಾ?" ಎಂದು ಸೈಕಲ್ಲಿನವನೊಬ್ಬ ಮದುವೆ ಗಂಡೇ ಒಳಗಿದ್ದಾನೆಂದುಕೊಂಡು ಕಿಟಕಿಯಲ್ಲಿ ಬಗ್ಗಿ, ಒಳಗಿದ್ದ ನಡುವಯಸ್ಸಿನ ಮುಖ ನೋಡಿ ಪೆಚ್ಚಾದ. ಅವನೇ ಸೈಕಲ್ ಒರಗಿಸಿ, ಇನ್ನಿಬ್ಬರನ್ನು ಕರೆದು ಆರುಮುಗಂ ಜೊತೆ ಹಿಂದೆ ಕೈಕೊಟ್ಟ. ಅತ್ತ ಜನ, ಇತ್ತ ಸ್ಟಾರ್ಟರು. ಹಳಿಗಳ ಮೇಲೆ ಕುಲುಕಾಡುತ್ತ ಕಾರು ಕೊನೆಗೂ ಉಸಿರು ಹಿಡಿಯಿತು. ಆರುಮುಗಂ ಓಡುತ್ತಲೇ ಹತ್ತಿಕೊಂಡ. ಜಾನಮ್ಮ ಪಟ್ಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ಗಾಜಿನ ಆಚೆ ಕಣ್ಣು ನೆಟ್ಟಿದ್ದಳು.

ಮಂಟಪದ ಬಾಗಿಲಿನಲ್ಲಿ ಕಾರು ನಿಂತ ತಕ್ಷಣ ಎಲೆಅಡಿಕೆ ಜಗಿಯುತ್ತಿದ್ದ ಮುದುಕಿಯೊಬ್ಬಳು ಕೈ ಬೀಸಿದಳು. ಗಂಡಿನ ಸೋದರತ್ತೆ ರಾಮಾಯಿ. ಗಂಡಿನವರು ಪಾಪಾತಿಯ ಮನೆ ನೋಡಲು ಬಂದಿದ್ದಾಗ ಜಾನಮ್ಮ ಅವಳನ್ನು ಅಡುಗೆಮನೆಯಿಂದಲೇ ಕಂಡಿದ್ದಳು.

"ಡ್ರೈವರ್ ತಂಬಿ, ಬಾಗಿಲಿಗೆ ಅಡ್ಡ ನಿಲ್ಲಿಸಬೇಡ. ಹಿಂದೆ ಹಾಕು."

"ಇವರು ಡ್ರೈವರಲ್ಲ," ಎಂದಳು ಜಾನಮ್ಮ ಇಳಿಯುತ್ತ. "ಹುಡುಗಿಗೆ ತಾಯಿಮಾಮ. ಪಟ್ಟ ಕಟ್ಟೋಕೆ ಬಂದಿದ್ದಾರೆ."

ರಾಮಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಣ್ಣೆ ಕುಡಿದ ಪಂಚೆ, ಗದ್ದದ ಮೇಲೆ ಮಣ್ಣು. "ಯಾವ ಮಾಮ? ಮಾಮ ಆಗ್ಲೇ ಪಟ್ಟ ಕಟ್ಟಿ ಮಣೆಗೆ ಕರ್ಕೊಂಡು ಬಂದಾಯ್ತಲ್ಲ, ಮಿಲ್ಲಿನವರು. ತಾಳಿನೂ ಆಯ್ತು. ಪೆಣ್ಣು ಕೇಳೋಕೆ ಹೋದಾಗಲೇ ನಮಗೆ ಹೇಳಿದ್ರು, ತಾಯಿಮಾಮ ನೂಲಿನ ಮಿಲ್ ಇಟ್ಟವರು ಅಂತ. ನೀವು ಯಾವ ಕಡೆ?"

ಪೆಣ್ಣು ಕೇಳಲು ಹೋದಾಗಲೇ! ವೆಲ್ಲಿಂಗಿರಿಗೆ ಈ ಮಾತು ಒಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊತ್ತು ಮೀರಿತೆಂದು ಮಾಡಿದ್ದಲ್ಲ. ಕಾರು ಕೆಟ್ಟಿತೆಂದು ಮಾಡಿದ್ದೂ ಅಲ್ಲ. ಹುಡುಗಿಯ ಮಾಮ ತಗಡಿನ ಶೆಡ್ಡಿನವನೆಂದು ಗಂಡಿನವರಿಗೆ ತಿಳಿಯಬಾರದಿತ್ತು. ಕಾರು ಕೆಡದಿದ್ದರೆ ಬೇರೇನೋ ಕೆಡುತ್ತಿತ್ತು. ಬಾಳೆಎಲೆ ತರಲು ಕಳುಹಿಸುತ್ತಿದ್ದರು, ಗ್ಯಾಸ್‌ಲೈಟು ನೋಡೆನ್ನುತ್ತಿದ್ದರು. ಅವನೇ ಬಗ್ಗಿ ಕೆಳಗೆ ತೂರಿ ಅವರ ಕೆಲಸ ಹಗುರ ಮಾಡಿಕೊಟ್ಟಿದ್ದ.

ನಲ್ಲಿಯಲ್ಲಿ ಮುಖ ತೊಳೆದು ಒಳಗೆ ಹೋದ. ವಿಡಿಯೋದವನ ಬಿಳಿ ಬೆಳಕಿನಲ್ಲಿ ವಿಜಯಕುಮಾರಿಯ ಹಣೆಯ ಮೇಲೆ ಯಾರದೋ ಪಟ್ಟ ಹೊಳೆಯುತ್ತಿತ್ತು. ಅಗಲವಾದದ್ದು, ಎರಡೂ ಕಡೆ ಕೆಂಪು ಕಲ್ಲು. ಒಂದು ದಿನದಲ್ಲಿ ಮಾಡಿಸಿದ್ದಲ್ಲ ಅದು.

ಕಂಬದ ಮರೆಯಲ್ಲಿ ಪಾಪಾತಿ ಎದುರಾದಳು.

"ಅಣ್ಣ, ನೇರ ಆಗೋಯ್ತು, ಮುಹೂರ್ತ ಮೀರೋದ್ರಲ್ಲಿತ್ತು, ಏನ್ ಮಾಡೋದು? ಮನಸಲ್ಲಿ ಇಟ್ಕೋಬೇಡ."

"ನೀನು ಕಾರಿನ ಹತ್ರ ನಿಂತಿದ್ದೆ."

ಅವಳು ಸೆರಗನ್ನು ಬೆರಳಿಗೆ ಸುತ್ತಿದಳು.

"ಒಂದ್ ಮಾತು ಹೇಳಿದ್ರೆ ಎದ್ದು ಬರ್ತಿದ್ದೆ, ಪಾಪಾ. ಮಣ್ಣಿನ ಕೈಯಲ್ಲಾದ್ರೂ ಬರ್ತಿದ್ದೆ."

"ಅದಕ್ಕೇ ಹೇಳಲಿಲ್ಲ," ಎಂದಳು ಅವಳು. ಹೇಳಿದ ಮೇಲೆ ಅವಳಿಗೇ ಅದು ಕೇಳಿಸಿರಬೇಕು. "ಅವಳು ದೊಡ್ಡ ಮನೆಗೆ ಹೋಗ್ತಾಳೆ ಅಣ್ಣ. ಅಲ್ಲಿ ತಲೆ ಎತ್ತಿ ಇರಬೇಕಲ್ಲ? ನೀನು ಬೆಳೆಸಿದ್ದು ನನಗೆ ಮರೆತಿಲ್ಲ. ಅವರ ಮಾತಿಗೆ ಎದುರಾಡೋಕೆ ಆಗಲ್ಲ ನನಗೆ. ವಿಜಿಗೆ ಏನೂ ಗೊತ್ತಿಲ್ಲ. ನೀನೇ ಕಂದಸಾಮಿ ಅಣ್ಣನ ಹತ್ರ ಕಟ್ಟಿಸು ಅಂದೆ ಅಂತ ಹೇಳಿದ್ದಾರೆ. ಅವಳಿಗೆ ಏನೂ ಹೇಳಬೇಡ. ನನ್ ಮೇಲೆ ಆಣೆ."

ವೆಲ್ಲಿಂಗಿರಿಗೆ ಜಗಳವಾಡಲು ಬರುತ್ತಿತ್ತು. ಶೆಡ್ಡಿನಲ್ಲಿ ಗಿರಾಕಿಗಳಿಗೆ ಅವನು ಬೈದ ಬೈಗಳನ್ನು ಕೇಳಿದವರು ಮತ್ತೆ ಬಾಯಿ ತೆರೆಯುತ್ತಿರಲಿಲ್ಲ. ಇಲ್ಲಿ ಮಾತ್ರ ಅವನು ತಂಗಿಯನ್ನು ದಾಟಿ ಮಣೆಯ ಕಡೆ ನಡೆದ. ಅಕ್ಷತೆ ಹಾಕಲು ಸಾಲು ನಿಂತಿತ್ತು. ಅವನೂ ಸಾಲಿನಲ್ಲಿ ನಿಂತ, ಹಿಂದೆ ಜಾನಮ್ಮ.

ದಾರಿಯಲ್ಲಿ ಕಂದಸಾಮಿ ಅವನ ತೋಳು ಹಿಡಿದ. "ಏನಪ್ಪಾ, ಹೀಗ್ ಮಾಡ್ದೆ? ನೀನು ಒಪ್ಪಿ ಬಿಟ್ಟುಕೊಟ್ಟೆ ಅಂತ ಸೋಮು ಹೇಳಿದ ಮೇಲೇ ನಾನು ಕೈ ಹಾಕಿದ್ದು." ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಸುಳ್ಳು ಹೇಳುವ ಅಗತ್ಯ ಅವನಿಗೆ ಯಾರೂ ತಂದಿರಲಿಲ್ಲ.

ಸಾಲು ಮುಂದೆ ಸರಿಯಿತು. ವಿಜಯಕುಮಾರಿ ತಲೆಯೆತ್ತಿ ಮಾಮನನ್ನು ಕಂಡದ್ದೇ ಅವಳ ಕಣ್ಣು ತುಂಬಿಕೊಂಡವು. ಪಕ್ಕದಲ್ಲಿ ಹೊಸ ಗಂಡ, ಹಿಂದೆ ಅವನ ತಾಯಿ. ರಾಮಾಯಿಯೂ ಅಷ್ಟರಲ್ಲಿ ಬಂದು ಕತ್ತು ಚಾಚಿ ನಿಂತಿದ್ದಳು. ಸೋಮಸುಂದರಂ ವಿಡಿಯೋದವನಿಗೆ ಏನೋ ಹೇಳುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ.

"ಯಾಕ್ ಮಾಮ ಹೀಗ್ ಮಾಡಿದ್ರಿ?" ಹುಡುಗಿಯ ದನಿ ಸಣ್ಣಗಿತ್ತು, ಆದರೆ ಸುತ್ತಲಿನವರಿಗೆಲ್ಲ ಕೇಳಿಸಿತು. "ನೀವೇ ಬೇಡ ಅಂದ್ರಂತೆ. ನನ್ ಮೇಲೆ ಕೋಪನಾ?"

ಒಂದೇ ಮಾತು. 'ನಾನು ಹೇಳಲಿಲ್ಲಮ್ಮ' ಅಂದರೆ ಸಾಕು. ಮಾಮನ ಹಕ್ಕು ಹಣೆಯಿಂದ ಹೋಗಿದ್ದರೂ ಅವನ ಹೆಸರಿನಲ್ಲಿ ಉಳಿಯುತ್ತಿತ್ತು. ಕಿತ್ತುಕೊಂಡರು ಎಂದು ಊರು ಆಡುತ್ತಿತ್ತು, ಅವನು ಬಿಟ್ಟುಕೊಟ್ಟ ಎಂದಲ್ಲ. ಅದರ ಜೊತೆಗೆ, ಪೆಣ್ಣಿನ ಅಪ್ಪ ಸುಳ್ಳುಗಾರ, ಮಿಲ್ಲಿನವನನ್ನು ತಾಯಿಮಾಮನೆಂದು ತೋರಿಸಿ ಮಗಳನ್ನು ಕೊಟ್ಟ ಎಂದು ಈ ಮುದುಕಿ ಇವತ್ತೇ ಶುರು ಮಾಡುತ್ತಿದ್ದಳು. ಅದನ್ನು ದಿನಾ ಕೇಳಿಕೊಂಡು ಅನ್ನ ಬಡಿಸಬೇಕಾದ್ದು ಸೋಮಸುಂದರಂ ಅಲ್ಲ, ಪಾಪಾತಿಯೂ ಅಲ್ಲ.

"ಕೋಪ ಯಾಕಮ್ಮ," ಎಂದ ವೆಲ್ಲಿಂಗಿರಿ. "ನಾನೇ ಹೇಳಿದೆ. ಕಂದಸಾಮಿ ಮಾಮ ದೊಡ್ಡವರು, ಅವರ ಕೈ ಒಳ್ಳೇದು ಅಂತ. ಚೆನ್ನಾಗಿರು."

ಅಕ್ಷತೆ ಹಾಕಿದ. ಹುಡುಗಿ ಅವನ ಮುಖ ನೋಡುತ್ತಲೇ ಇದ್ದಳು. ನಂಬಿದಳು. ನಂಬಿದ ಮೇಲೆ ಆ ಕಣ್ಣಿನಲ್ಲಿ ಬಂದದ್ದು ಸಮಾಧಾನವಲ್ಲ, ಮುನಿಸು. ಮಾಮನಿಗೆ ನಾನು ಬೇಡವಾದೆನಲ್ಲ ಎಂಬ ಮುನಿಸು. ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಂಬದ ಹತ್ತಿರ ಪಾಪಾತಿ ಎದೆ ತುಂಬ ಉಸಿರು ಬಿಟ್ಟಳು. ಸೋಮಸುಂದರಂ ವಿಡಿಯೋದವನ ಕಡೆ ಮತ್ತೆ ತಿರುಗಿ, ನಿಲ್ಲಿಸಿದ ಮಾತನ್ನು ಅಲ್ಲಿಂದಲೇ ಮುಂದುವರಿಸಿದ.

ಕೆಳಗಿಳಿದ ಮೇಲೆ ಜಾನಮ್ಮ ಡಬ್ಬಿಯನ್ನು ಚೀಲಕ್ಕೆ ಹಾಕಿ ದಾರ ಬಿಗಿದಳು.

"ಸೀರಿನ ತಟ್ಟೆಗಳನ್ನ ಕೊಟ್ಟಿದ್ದೀನಿ. ಇದನ್ನ ಕೊಡಲ್ಲ. ನಮ್ ಮಕ್ಕಳಿಗೆ ಕಟ್ಟೋಕೆ ಇದು ಆಗಲ್ಲ, ನನ್ ಅಣ್ಣ ಬೇರೆ ತರ್ತಾನೆ. ಆದ್ರೂ ಕೊಡಲ್ಲ." ಆಮೇಲೆ, ತಗ್ಗಿದ ದನಿಯಲ್ಲಿ: "ಅವರು ಕಿತ್ಕೊಂಡಿದ್ರೆ ನಾನು ಇಲ್ಲೇ ಕೂಗಾಡ್ತಿದ್ದೆ. ನೀವೇ ನಿಮ್ ಬಾಯಲ್ಲಿ ಕೊಟ್ಟುಬಿಟ್ರಿ. ಇನ್ನು ನಾನು ಯಾರ ಮುಂದೆ ಏನು ಹೇಳ್ಲಿ?"

ಅವನು ಎಲೆ ಹಾಕುತ್ತಿದ್ದ ಪಂಕ್ತಿಯ ಕಡೆ ತಿರುಗಿದ.

"ಬನ್ನಿ, ಬಸ್ಸಿಗೆ ಹೋಗೋಣ."

"ಊಟ ಮಾಡದೆ ಹೋದ್ರೆ ಮಾತಾಡ್ತಾರೆ."

"ಮಾತಾಡ್ಲಿ!"

"ವಿಜಿಗೆ ನಿಜ ಗೊತ್ತಾಗುತ್ತೆ, ಜಾನು."

ಜಾನಮ್ಮ ಅವನನ್ನು ಒಂದು ಗಳಿಗೆ ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬಳೇ ಬಾಗಿಲು ದಾಟಿದಳು.

ಆಡಿದ ಸುಳ್ಳಿಗೆ ಈಗ ಉಂಡು ಸಾಕ್ಷಿ ಹೇಳಬೇಕಿತ್ತು. ವೆಲ್ಲಿಂಗಿರಿ ಮೊದಲನೇ ಪಂಕ್ತಿಯಲ್ಲೇ, ಗಂಡಿನವರಿಗೆ ಎದುರಾಗಿ ಕುಳಿತ. ಸಾಂಬಾರಿಗೆ ಅನ್ನ ಕಲಸಿದ. ಪಕ್ಕದವನು ಊರು ಕೇಳಿದರೆ ಹೇಳಿದ, ಕೆಲಸ ಕೇಳಿದರೆ ಪಲ್ಯ ಬೇಕೆಂದು ಬಡಿಸುವವನನ್ನು ಕರೆದ. ಸೋಮಸುಂದರಂ ಪಂಕ್ತಿಯ ನಡುವೆ ಕೈಮುಗಿಯುತ್ತ ಬಂದು ಅವನ ಹಿಂದೆ ಬಗ್ಗಿ ಪಿಸುಗುಟ್ಟಿದ: "ಭಾವ, ಸಂಜೆ ಮಾಪಿಳ್ಳೆ ಮನೆಗೆ ಬಿಡೋಕೆ ನಮ್ ಗಾಡಿ ಬೇಕು. ಊಟ ಆದ ಮೇಲೆ ಒಂಚೂರು..."

"ಎಣ್ಣೆ ಪೂರ್ತಿ ತೆಗೆದು ರಬ್ಬರೆಲ್ಲ ಬದಲಾಯಿಸಬೇಕು. ಬೇರೆ ಮೆಕ್ಯಾನಿಕ್ ನೋಡ್ಕೊಳ್ಳಿ," ಎಂದ ವೆಲ್ಲಿಂಗಿರಿ, ತಲೆ ಎತ್ತದೆ. "ನಾನು ಇವತ್ತು ಹುಡುಗಿ ಮಾಮ."

ಸೋಮಸುಂದರಂ ನಕ್ಕ ಹಾಗೆ ಮಾಡಿ ಮುಂದೆ ಹೋದ. ಯಾರಿಗೂ ಕೇಳಿಸಿರಲಿಲ್ಲ. ಪಾಯಸ ಬಂತು. ಬಡಿಸುತ್ತ ಬಂದವಳು ಪಾಪಾತಿಯೇ. ಕೆನ್ನೆ ಒದ್ದೆಯಾಗಿತ್ತು. ಸೌಟು ತುಂಬ ಸುರಿದಳು, ಮತ್ತೊಂದು ಸುರಿದಳು. ಅವನು ಬೇಡವೆಂದು ಕೈ ಅಡ್ಡ ಹಿಡಿಯಲಿಲ್ಲ. ಅಷ್ಟನ್ನೂ, ಗಂಡಿನವರು ನೋಡುತ್ತಿದ್ದ ಹಾಗೇ, ಎಲೆ ಬಳಿದು ತಿಂದ.